ಸಂಪಿಗೆ ರಸ್ತೆಯಲ್ಲಿ ಕಪ್ಪೆಮಳೆ

ಸಿನಿಮಾ ಮುಗಿದು ದೀಪ ಹತ್ತಿಕೊಂಡಾಗ ಸೀಟುಗಳ ಸಾಲಿನಲ್ಲಿ ಮೊದಲು ಕೇಳಿಬರುವ ಮಾತು ಎಷ್ಟೋ ಸಲ 'ಅರ್ಥವಾಗಲಿಲ್ಲ' ಎಂಬುದೇ. ಕಾಲಡಿ ಜಾರಿದ ಚಪ್ಪಲಿ ಹುಡುಕುತ್ತ, ಬಾಗಿಲತ್ತ ನಡೆಯುತ್ತ ಹೇಳಿಬಿಡುವ ಈ ಮಾತಿನ ಹೊಟ್ಟೆಯಲ್ಲಿ ಬೇರೆ ಬೇರೆ ಅನುಭವಗಳು ಸೇರಿಕೊಂಡಿರುತ್ತವೆ. ಯಾರು ಯಾರ ಮಗ, ಯಾರು ಯಾರ ಹೆಂಡತಿ ಎಂಬುದು ಕೊನೆಯವರೆಗೂ ಗೊತ್ತಾಗದವರು ಹೀಗೆ ಹೇಳುತ್ತಾರೆ. ಅವರ ಮಾತಿಗೆ ಸರಿಯಾದ ಹೆಸರು 'ತಲೆಬುಡ ತಿಳಿಯಲಿಲ್ಲ'. ಎಲ್ಲ ಗೊತ್ತಾಗಿಯೂ ಇದನ್ನೆಲ್ಲ ಯಾಕೆ ತೋರಿಸಬೇಕಿತ್ತು ಎಂದು ಬೇಸರಪಟ್ಟವರೂ ಹೀಗೆಯೇ ಹೇಳುತ್ತಾರೆ, ಅವರದು 'ಹಿಡಿಸಲಿಲ್ಲ'. ಇನ್ನು ಕೆಲವರು ಎದೆಗೆ ಏನೋ ತಾಕಿಸಿಕೊಂಡು, ಅದಕ್ಕೆ ಹೆಸರಿಡಲಾರದೆ, ಕಣ್ಣೊರೆಸಿಕೊಂಡು ಇದೇ ಮಾತನ್ನಾಡುತ್ತಾರೆ. ಅವರದು 'ಏನೋ ಒಂಥರಾ ಆಯಿತು'. ಮೂರೂ ಮಾತನ್ನು ಒಂದೇ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಟ್ಟರೆ, ಆಮೇಲೆ ನಡೆಯುವ ವಾದಗಳೆಲ್ಲ ಹಳಿ ತಪ್ಪುತ್ತವೆ. ಒಬ್ಬರು ಕಥೆ ವಿವರಿಸಲು ತೊಡಗುತ್ತಾರೆ, ಕೇಳುವವರಿಗೆ ಬೇಕಾಗಿದ್ದುದು ವಿವರಣೆಯೇ ಆಗಿರುವುದಿಲ್ಲ. ಹಲವು ಪಾತ್ರಗಳ, ಹಲವು ಕಥೆಗಳ ಸಿನಿಮಾಗಳ ಬಗ್ಗೆ ಈ ಗೊಂದಲ ಮತ್ತೂ ಹೆಚ್ಚು. ಅಂಥ ಒಂದು ಸಿನಿಮಾವನ್ನು ಹಿಡಿದುಕೊಂಡು, ಅದರ ಬಗ್ಗೆ ಹುಟ್ಟಿದ ಜಗಳವನ್ನು ಬಿಡಿಸಿ ನೋಡುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಸಿನಿಮಾದ ಹೆಸರು 'ಮ್ಯಾಗ್ನೋಲಿಯಾ'. ಪಾಲ್ ಥಾಮಸ್ ಆಂಡರ್ಸನ್ ಅದನ್ನು ಬರೆದು ನಿರ್ದೇಶಿಸಿದರು. 1999ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಕಥೆ ನಡೆಯುವುದು ಲಾಸ್ ಏಂಜಲೀಸ್ ನಗರದ ಸ್ಯಾನ್ ಫರ್ನಾಂಡೊ ವ್ಯಾಲಿಯಲ್ಲಿ, ಒಂದು ಹಗಲು ಮತ್ತು ಒಂದು ರಾತ್ರಿ. ಆ ಕಣಿವೆಯಲ್ಲಿ ಮ್ಯಾಗ್ನೋಲಿಯಾ ಬುಲೆವಾರ್ಡ್ ಎಂಬ ಉದ್ದನೆಯ ರಸ್ತೆಯೊಂದಿದೆ. ನಮ್ಮ ಸಂಪಿಗೆಯೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಮ್ಯಾಗ್ನೋಲಿಯಾ ಕುಲದ್ದೇ. ಹಾಗಾಗಿ ಮಲ್ಲೇಶ್ವರದ ಸಂಪಿಗೆ ರಸ್ತೆಯನ್ನು ಬಲ್ಲವರು ಆ ಹೆಸರನ್ನು ತಮ್ಮದೇ ನುಡಿಯಲ್ಲಿ ಕೇಳಿಸಿಕೊಳ್ಳಬಹುದು. ಹೆಸರು ಅಷ್ಟು ಮನೆಯದಾದರೂ ಸಿನಿಮಾ ಅಷ್ಟು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದರ ಉದ್ದ 188 ನಿಮಿಷ. ಮುಖ್ಯ ಎನ್ನಬಹುದಾದ ಪಾತ್ರಗಳೇ ಒಂಬತ್ತು. ಎರಡೂವರೆ ಗಂಟೆ ದಾಟಿದ ಮೇಲೆ, ಯಾವ ಮುನ್ಸೂಚನೆಯೂ ಇಲ್ಲವೆಂಬಂತೆ, ಆಕಾಶದಿಂದ ಕಪ್ಪೆಗಳು ಬೀಳುತ್ತವೆ. ಒಂದೆರಡಲ್ಲ, ಸಾವಿರಾರು. ಕಾರಿನ ಗಾಜಿನ ಮೇಲೆ, ಈಜುಕೊಳದಲ್ಲಿ, ಮನೆಯ ಚಾವಣಿಯ ಗಾಜನ್ನು ಒಡೆದುಕೊಂಡು. ಕೆಲವು ನಿಮಿಷ ಹೀಗೆ ಸುರಿದು ನಿಂತುಬಿಡುತ್ತದೆ. ಯಾಕೆ ಎಂದು ಸಿನಿಮಾ ಹೇಳುವುದಿಲ್ಲ.

ಮೆಚ್ಚಿದವರು ಮತ್ತು ಮೆಚ್ಚದವರು ಮೊದಲ ದಿನದಿಂದಲೇ ಎರಡು ದಡಗಳಲ್ಲಿ ನಿಂತರು. ವಿಮರ್ಶಕ ರೋಜರ್ ಈಬರ್ಟ್ ತಮ್ಮ ಲೆಕ್ಕದ ನಾಲ್ಕಕ್ಕೆ ನಾಲ್ಕು ನಕ್ಷತ್ರ ಕೊಟ್ಟರು. ವರ್ಷಗಳ ನಂತರ ತಾವು ಮಹತ್ತ್ವದವೆಂದು ತಿಳಿದ ಚಿತ್ರಗಳ ಸಾಲಿಗೂ ಸೇರಿಸಿದರು. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಜಾನೆಟ್ ಮ್ಯಾಸ್ಲಿನ್ ಮೊದಲ ಭಾಗವನ್ನು ಬೆರಗಿನಿಂದ ನೋಡಿ, ಪಾತ್ರಗಳೆಲ್ಲ ಒಂದೇ ಹಾಡು ಹಾಡತೊಡಗುವ ದೃಶ್ಯದಿಂದ ಚಿತ್ರ ಕುಸಿಯಿತೆಂದು ಬರೆದರು. 2000ದ ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ಚಿನ್ನದ ಕರಡಿ ಸಿಕ್ಕಿತು. ಆಸ್ಕರ್‌ಗೆ ಮೂರು ನಾಮನಿರ್ದೇಶನ ಬಂದು ಒಂದೂ ಪ್ರಶಸ್ತಿ ಬರಲಿಲ್ಲ. ಹೊಗಳುವುದರಲ್ಲಿ ಬಲು ಬಿಗಿಯಾಗಿದ್ದ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ತಾವು ಮೆಚ್ಚಿದ ಅಮೆರಿಕನ್ ಚಿತ್ರಗಳಲ್ಲಿ ಇದನ್ನೂ ಹೆಸರಿಸಿದರು. ಇಂಥ ಒಡಕು ಕನ್ನಡಕ್ಕೂ ಹೊಸದಲ್ಲ. 2014ರಲ್ಲಿ ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' ಬಂದಾಗ ಮಲ್ಪೆಯ ಆ ಕಥೆಯನ್ನು ಹಿಂದುಮುಂದು ಜೋಡಿಸಿಕೊಳ್ಳಲಾಗದೆ ಹಲವರು ಕೈಚೆಲ್ಲಿದರು, ಅದೇ ಜೋಡಣೆಗಾಗಿ ಕೆಲವರು ಮತ್ತೆ ಮತ್ತೆ ನೋಡಿದರು. ಆದರೆ ಅಲ್ಲಿ ಬಿಡಿಸಬೇಕಾದ ಒಗಟು ನಿಜವಾಗಿಯೂ ಇದೆ. 'ಮ್ಯಾಗ್ನೋಲಿಯಾ'ದಲ್ಲಿ ಅಂಥ ಒಗಟು ಇಲ್ಲ ಎಂಬುದು ನನ್ನ ವಾದ. ಅದನ್ನು ಒಗಟೆಂದು ಹಿಡಿದವರೇ ಅದನ್ನು ಮೆಚ್ಚಿ ಕೆಡಿಸಿದ್ದಾರೆ, ಬೈದೂ ಕೆಡಿಸಿದ್ದಾರೆ.

ಮೊದಲು ಸಂಬಂಧಗಳ ಹಗ್ಗ ಹಿಡಿಯಬೇಕು. ಅರ್ಲ್ ಪಾರ್ಟ್ರಿಜ್ ಎಂಬ ಮುದುಕ ಕ್ಯಾನ್ಸರ್‌ನಿಂದ ಸಾಯುತ್ತಿದ್ದಾನೆ. ಅವನ ಎಳೆಯ ವಯಸ್ಸಿನ ಹೆಂಡತಿ ಲಿಂಡಾ ತಾನು ಗಂಡನಿಗೆ ಮಾಡಿದ ಮೋಸ ನೆನೆದು ಹುಚ್ಚಿಯಂತಾಗಿದ್ದಾಳೆ. ಆರೈಕೆಗೆ ಫಿಲ್ ಎಂಬ ನರ್ಸ್ ಇದ್ದಾನೆ. ಅರ್ಲ್ ಹಿಂದೊಮ್ಮೆ ಕ್ಯಾನ್ಸರ್ ಹಿಡಿದ ಮೊದಲ ಹೆಂಡತಿಯನ್ನೂ ಹದಿನಾಲ್ಕರ ಮಗನನ್ನೂ ಬಿಟ್ಟುಹೋದವನು. ಆ ಮಗ ಈಗ ಹೆಸರು ಬದಲಿಸಿಕೊಂಡು, ಹೆಂಗಸರನ್ನು ಬಲೆಗೆ ಹಾಕುವುದು ಹೇಗೆಂದು ಗಂಡಸರಿಗೆ ಶಿಬಿರ ನಡೆಸುವ ಫ್ರಾಂಕ್ ಮ್ಯಾಕಿ. ಅರ್ಲ್‌ನ ಕಂಪನಿ ತಯಾರಿಸುವ ಮಕ್ಕಳ ಕ್ವಿಜ್ ಕಾರ್ಯಕ್ರಮದ ನಿರೂಪಕ ಜಿಮ್ಮಿ ಗೇಟರ್, ಅವನಿಗೂ ಕ್ಯಾನ್ಸರ್. ಅವನ ಮಗಳು ಕ್ಲೌಡಿಯಾ ಕೊಕೇನ್‌ಗೆ ಬಿದ್ದವಳು, ಅಪ್ಪನ ಮುಖ ಕಂಡರೆ ಕಿರುಚುತ್ತಾಳೆ. ಅದೇ ಕ್ವಿಜ್‌ನಲ್ಲಿ ಈಗ ಗೆಲ್ಲುತ್ತಿರುವ ಹುಡುಗ ಸ್ಟಾನ್ಲಿ. 1960ರ ದಶಕದಲ್ಲಿ ಗೆದ್ದು ಹೆಸರಾಗಿ, ಬಹುಮಾನದ ಹಣ ತಂದೆತಾಯಿಯ ಪಾಲಾಗಿ, ಈಗ ಅಂಗಡಿಯೊಂದರ ಕೆಲಸವನ್ನೂ ಕಳೆದುಕೊಂಡವನು ಡಾನಿ. ಕ್ಲೌಡಿಯಾಳ ಮನೆಯಲ್ಲಿ ಗದ್ದಲವೆಂದು ದೂರು ಬಂದು ವಿಚಾರಿಸಲು ಬರುವ ಪೊಲೀಸ್ ಜಿಮ್ ಕರಿಂಗ್. ಕನ್ನಡದಲ್ಲಿ ತಕ್ಕಡಿಯಲ್ಲಿ ಕಪ್ಪೆ ತೂಗುವ ಮಾತಿದೆ. ಒಂದನ್ನು ಹಿಡಿದಿಡುವಷ್ಟರಲ್ಲಿ ಇನ್ನೊಂದು ಜಿಗಿಯುತ್ತದೆ. ಇಷ್ಟು ಜನರನ್ನು ಮೂರು ಗಂಟೆ ತಟ್ಟೆಯಿಂದ ಹಾರದಂತೆ ಹಿಡಿದಿಡುವುದು ಆ ಕೆಲಸವೇ. ಆದರೆ ಕೂಡಿಸಿ ನೋಡಿದರೆ ಇವರ ಸಂಬಂಧಕ್ಕೆ ಎರಡೇ ಗಂಟು: ಸಂಸಾರ, ಇಲ್ಲವೇ ಅರ್ಲ್‌ನ ಟಿವಿ ಕಾರ್ಯಕ್ರಮ. ನರ್ಸ್ ಫಿಲ್ ಮತ್ತು ಪೊಲೀಸ್ ಜಿಮ್ ಮಾತ್ರ ಹೊರಗಿನಿಂದ ಬರುವವರು. ಎರಡು ತಲೆಮಾರಿನ ಗಂಡಸರು ಮಕ್ಕಳನ್ನು ಹೇಗೆ ಬಳಸಿಕೊಂಡರು ಎಂಬ ಒಂದೇ ಸಂಗತಿಯ ಸುತ್ತ ಎಲ್ಲವೂ ಸುತ್ತುತ್ತದೆ. ತಲೆಬುಡ ತಿಳಿಯದೆ ಹೋಗುವಷ್ಟು ಗೋಜಲು ಇಲ್ಲಿಲ್ಲ.

ಗೋಜಲಿದೆ ಅನ್ನಿಸುವುದು ಆರಂಭದ ಕೆಲವು ನಿಮಿಷಗಳಿಂದ. ಸಿನಿಮಾ ಮೂರು ವಿಚಿತ್ರ ಸಾವುಗಳ ಕಥೆಯಿಂದ ತೊಡಗುತ್ತದೆ. ಒಂದು 1911ರದು, ಮೂವರು ಕೊಲೆಗಾರರ ಹೆಸರು ಸೇರಿಸಿದರೆ ಕೊಲೆ ನಡೆದ ಊರಿನ ಹೆಸರಾಗುತ್ತದೆ. ಇನ್ನೊಂದು 1983ರದು, ಕಾಡ್ಗಿಚ್ಚು ಆರಿಸಿದ ಮೇಲೆ ಮರದ ತುದಿಯಲ್ಲಿ ಮುಳುಗುಗಾರನ ಹೆಣ ಸಿಗುತ್ತದೆ. ಮೂರನೆಯದು 1958ರದು, ಮಾಳಿಗೆಯಿಂದ ಹಾರಿದ ಹುಡುಗ ಕೆಳಗಿನ ಬಲೆಗೆ ಬಿದ್ದು ಬದುಕಬೇಕಾಗಿದ್ದವನು, ನಡುವಿನ ಕಿಟಕಿಯಿಂದ ತಾಯಿಯ ಕೈಯ ಬಂದೂಕು ಸಿಡಿದು ಸಾಯುತ್ತಾನೆ. ಈ ಕೊನೆಯದು 1987ರಲ್ಲಿ ವಿಧಿವಿಜ್ಞಾನ ತಜ್ಞರ ಕೂಟದಲ್ಲಿ ಡಾನ್ ಹಾರ್ಪರ್ ಮಿಲ್ಸ್ ಉದಾಹರಣೆಗಾಗಿ ಕಟ್ಟಿ ಹೇಳಿದ ಕಥೆಯ ರೂಪಾಂತರ. ಆಮೇಲೆ ನಿಜವಾಗಿ ನಡೆದದ್ದೆಂದು ಊರೂರು ಸುತ್ತಿತು. ಇಂಥ ಆರಂಭ ಕಂಡ ಪ್ರೇಕ್ಷಕರು ಮುಂದೆಯೂ ಕಾಕತಾಳೀಯಗಳನ್ನೇ ಎದುರುನೋಡುತ್ತಾರೆ. ಎಲ್ಲ ಎಳೆಗಳೂ ಕೊನೆಗೊಂದು ಜಾಣ ಗಂಟಿನಲ್ಲಿ ಕೂಡಿಕೊಳ್ಳುತ್ತವೆಂದು ಕಾಯುತ್ತಾರೆ. ಕೂಡಿಕೊಳ್ಳುವುದಿಲ್ಲ. ಅಲ್ಲಿಂದಲೇ ಸಿಟ್ಟು ಹುಟ್ಟುತ್ತದೆ. ಆ ಸಿಟ್ಟಿಗೆ ಸಿನಿಮಾ ಭಾಗಶಃ ಕಾರಣ ಎಂಬುದನ್ನು ಒಪ್ಪುತ್ತೇನೆ. ಆದರೆ ನಿರೂಪಕನ ದನಿ ಹೇಳಿದ್ದನ್ನು ಮತ್ತೊಮ್ಮೆ ಕೇಳಿಸಿಕೊಳ್ಳಬೇಕು: ಇದು ಬರಿಯ ಆಕಸ್ಮಿಕವಲ್ಲ, ಇಂಥವು ನಡೆಯುತ್ತಲೇ ಇರುತ್ತವೆ ಎಂದು ಅದು ಹೇಳುತ್ತದೆ. ಇವೆಲ್ಲ ಸೇರಿ ಏನೋ ಒಂದು ಅರ್ಥ ಎಂದು ಎಲ್ಲಿಯೂ ಮಾತು ಕೊಟ್ಟಿಲ್ಲ.

ಮ್ಯಾಸ್ಲಿನ್ ಅವರಂಥ ಸೂಕ್ಷ್ಮ ವಿಮರ್ಶಕರನ್ನು ಕಾಡಿದ ಹಾಡಿನ ಬಗ್ಗೆ ಹೇಳಲೇಬೇಕು. ಏಮಿ ಮಾನ್ ಬರೆದು ಹಾಡಿದ ಗೀತೆಯೊಂದು ಕ್ಲೌಡಿಯಾಳ ಕೋಣೆಯಲ್ಲಿ ಶುರುವಾಗುತ್ತದೆ. ಅವಳು ತುಟಿ ಸೇರಿಸುತ್ತಾಳೆ. ಆಮೇಲೆ ಜಿಮ್, ಜಿಮ್ಮಿ, ಡಾನಿ, ಫಿಲ್, ಪ್ರಜ್ಞೆಯಿಲ್ಲದೆ ಮಲಗಿರುವ ಅರ್ಲ್, ಕಾರಿನಲ್ಲಿ ಮಾತ್ರೆ ನುಂಗಿ ಕುಸಿದ ಲಿಂಡಾ, ಅಪ್ಪನ ಮನೆಯ ಹೊರಗೆ ಕಾರಿನಲ್ಲಿ ಕುಳಿತ ಫ್ರಾಂಕ್, ಕೊನೆಗೆ ಶಾಲೆಯ ಲೈಬ್ರರಿಯಲ್ಲಿ ಸ್ಟಾನ್ಲಿ. ಒಂಬತ್ತು ಜನ, ಒಂದೇ ಹಾಡು, ಒಬ್ಬೊಬ್ಬರೂ ಒಂದೊಂದು ಸಾಲು. ಸಾಯುತ್ತಿರುವವನು ಹೇಗೆ ಹಾಡಿಯಾನು ಎಂಬ ಪ್ರಶ್ನೆ ಅಮೆರಿಕದ ಪ್ರೇಕ್ಷಕರನ್ನು ತೊಡಕಿಗೆ ಸಿಕ್ಕಿಸಿತು. ನಮಗೆ ಅದು ತೊಡಕೇ ಆಗಬಾರದು. ಕಂಪನಿ ನಾಟಕದಲ್ಲಿ ಬಾಣ ತಗುಲಿ ಬಿದ್ದವನು ಕಂದಪದ್ಯ ಹಾಡಿಯೇ ಪ್ರಾಣ ಬಿಡುತ್ತಿದ್ದ. ಜನ 'ಒನ್ಸ್ ಮೋರ್' ಎಂದರೆ ಎದ್ದು ಮತ್ತೊಮ್ಮೆ ಹಾಡುತ್ತಿದ್ದ. ಹಾಡುವುದು ನಡೆದದ್ದರ ವರದಿಯಲ್ಲ, ಒಳಗಿನದನ್ನು ಹೊರಗಿಡುವ ಒಂದು ರೀತಿ ಎಂಬ ತಿಳಿವಳಿಕೆ ನಮ್ಮ ನೋಡುವ ಅಭ್ಯಾಸದಲ್ಲೇ ಬಂದಿದೆ. ಆದರೂ ಒಂದು ವ್ಯತ್ಯಾಸ ಕಾಣಬೇಕು. ನಮ್ಮ ಸಿನಿಮಾದಲ್ಲಿ ಒಬ್ಬರ ಹಾಡು ಇನ್ನೊಬ್ಬರಿಗೆ ತಲುಪುತ್ತದೆ, ನಾಯಕಿ ಹಾಡಿದರೆ ಬೆಟ್ಟದಾಚೆಯ ನಾಯಕ ಮುಂದಿನ ಚರಣ ಎತ್ತಿಕೊಳ್ಳುತ್ತಾನೆ. ಇಲ್ಲಿ ಒಬ್ಬರಿಗೂ ಇನ್ನೊಬ್ಬರ ದನಿ ಕೇಳಿಸುವುದಿಲ್ಲ. ಎಲ್ಲರೂ ಒಂದೇ ಮಾತು ಹೇಳುತ್ತಿದ್ದಾರೆ ಎಂಬುದು ನೋಡುವ ನಮಗೆ ಮಾತ್ರ ಗೊತ್ತು. ಹೊರಗೆ ಸುರಿಯುತ್ತಿದ್ದ ಮಳೆ ಹಾಡಿನೊಂದಿಗೆ ನಿಲ್ಲುತ್ತದೆ. ಈ ಸಿನಿಮಾದ ದುಃಖವೆಲ್ಲ ಆ ಕೆಲವೇ ನಿಮಿಷಗಳಲ್ಲಿದೆ. ಅದನ್ನು ಕುಸಿತವೆನ್ನಲು ನನಗೆ ಸಾಧ್ಯವೇ ಇಲ್ಲ.

ಇನ್ನು ಕಪ್ಪೆಗಳು. ಅವುಗಳ ಮೇಲಿನ ದೊಡ್ಡ ಆರೋಪ ಇದು: ಕಥೆಗಾರನಿಗೆ ಕಟ್ಟಿದ ಗಂಟುಗಳನ್ನು ಬಿಚ್ಚಲು ಬರಲಿಲ್ಲ, ಅದಕ್ಕೇ ಪೌರಾಣಿಕ ಚಿತ್ರದ ಕೊನೆಗೆ ದೇವರು ಪ್ರತ್ಯಕ್ಷನಾಗಿ ಎಲ್ಲ ಸರಿಮಾಡಿದಂತೆ ಆಕಾಶವನ್ನು ಕರೆದ. ಆರೋಪ ನಿಜವಾಗಬೇಕಾದರೆ ಕಪ್ಪೆಮಳೆಯಿಂದ ಗಂಟುಗಳು ಬಿಚ್ಚಿರಬೇಕು. ಒಂದೊಂದಾಗಿ ನೋಡೋಣ. ಡಾನಿ ಧಣಿಯ ಕಪಾಟಿನಿಂದ ಹಣ ಕದ್ದು, ಪಶ್ಚಾತ್ತಾಪಪಟ್ಟು ಮರಳಿಸಲು ಬಂದು, ಬೀಗದಲ್ಲಿ ಕೀ ಮುರಿದಿದ್ದರಿಂದ ಕಂಬ ಹತ್ತುತ್ತಿದ್ದಾನೆ. ಕಪ್ಪೆ ಮುಖಕ್ಕೆ ಬಡಿದು ಕೆಳಗೆ ಬೀಳುತ್ತಾನೆ, ಹಲ್ಲು ಮುರಿಯುತ್ತದೆ. ಬಾರಿನ ಹುಡುಗನೊಬ್ಬನಿಗೆ ಮನಸೋತು, ಅವನಿಗಿರುವಂತೆ ತನಗೂ ಹಲ್ಲಿಗೆ ತಂತಿ ಬೇಕೆಂದು ಈ ಕಳ್ಳತನಕ್ಕಿಳಿದವನ ಹಲ್ಲು ಅದು. ಜಿಮ್ಮಿ ಅಡುಗೆಮನೆಯಲ್ಲಿ ಪಿಸ್ತೂಲನ್ನು ತಲೆಗಿಟ್ಟುಕೊಂಡಿದ್ದಾನೆ. ಚಾವಣಿಯಿಂದ ಬಿದ್ದ ಕಪ್ಪೆ ಕೈಗೆ ಬಡಿದು ಗುಂಡು ಟಿವಿಗೆ ತಗಲುತ್ತದೆ. ಅವನು ಸಾಯುವುದಿಲ್ಲ, ಅಷ್ಟೇ. ಅವನ ರೋಗ ಹಾಗೆಯೇ ಇದೆ, ಹೆಂಡತಿ ರೋಸ್ ಆಗಲೇ ಮನೆ ಬಿಟ್ಟಾಗಿದೆ. ಲಿಂಡಾಳನ್ನು ಹೊತ್ತ ಆಂಬುಲೆನ್ಸ್ ಮಗುಚಿ ಆಸ್ಪತ್ರೆಯ ಬಾಗಿಲಿಗೇ ಜಾರುತ್ತದೆ. ಅರ್ಲ್ ಕಣ್ಣು ತೆರೆದು ಮಗನನ್ನು ನೋಡಿ ಸಾಯುತ್ತಾನೆ. ಮಗ ಅವನನ್ನು ಬೈದು, ಹೋಗಬೇಡ ಎಂದು ಅತ್ತದ್ದು ಅದಕ್ಕೂ ಮೊದಲೇ. ರೋಸ್ ದಾರಿಯಲ್ಲಿ ಕಾರು ಗುದ್ದಿಸಿಕೊಂಡೂ ಮಗಳ ಮನೆ ಸೇರುತ್ತಾಳೆ. ಅವಳು ಹೊರಟದ್ದೂ ಕಪ್ಪೆ ಬೀಳುವ ಮೊದಲೇ. ಜಿಮ್‌ಗೆ ಅವನು ಕಳೆದುಕೊಂಡಿದ್ದ ಪಿಸ್ತೂಲು ಆಕಾಶದಿಂದಲೇ ಮರಳುತ್ತದೆ. ಈ ಒಂದನ್ನು ಮಾತ್ರ ನಾನು ಸಮರ್ಥಿಸಲಾರೆ. ಅದು ಕಥೆಗಾರ ಕೊಟ್ಟ ಬಹುಮಾನದಂತೆ ಕಾಣುತ್ತದೆ. ಉಳಿದ ಎಲ್ಲೂ ಕಪ್ಪೆ ಯಾರ ಸಂಸಾರವನ್ನೂ ಸರಿಮಾಡಿಲ್ಲ.

ಮತ್ತೆ ಮಾಡಿದ್ದೇನು? ನಿಲ್ಲಿಸಿತು. ಬೇಸಿಗೆಯ ಸಂಜೆ ಆಲಿಕಲ್ಲು ಬಿದ್ದಾಗ ನಮ್ಮ ಬೀದಿಗಳಲ್ಲಿ ಆಗುವುದನ್ನು ನೆನಪಿಸಿಕೊಳ್ಳಿ. ಒಲೆಯ ಮೇಲಿನ ಸಾರು ಒಲೆಯ ಮೇಲೆ, ಅರ್ಧ ಜಗಳ ಅರ್ಧಕ್ಕೇ. ಎಲ್ಲರೂ ಬಾಗಿಲಿಗೆ ಬಂದು ಅಂಗಳ ನೋಡುತ್ತ ನಿಲ್ಲುತ್ತಾರೆ. ಜಗಳದ ಕಾರಣ ಎಲ್ಲಿಗೂ ಹೋಗಿರುವುದಿಲ್ಲ, ಆದರೆ ಮುಂದಿನ ಮಾತು ಆಡಬೇಕಾಗಿದ್ದ ಬಾಯಿ ಕ್ಷಣಹೊತ್ತು ಮುಚ್ಚಿರುತ್ತದೆ. 'ಮ್ಯಾಗ್ನೋಲಿಯಾ' ಎರಡೂವರೆ ಗಂಟೆ ಉಸಿರು ಬಿಡದೆ ಓಡುವ ಸಿನಿಮಾ. ಕ್ಯಾಮೆರಾ ನಿಲ್ಲುವುದಿಲ್ಲ, ಜಾನ್ ಬ್ರಯಾನ್ ಅವರ ಸಂಗೀತ ಒಂದು ಕೋಣೆಯ ಮಾತಿನ ಮೇಲೆ ಹರಿದು ಇನ್ನೊಂದು ಕೋಣೆಗೆ ನುಗ್ಗುತ್ತದೆ, ಎಲ್ಲರೂ ಒಂದೇ ಸಮನೆ ಮಾತಾಡುತ್ತಿರುತ್ತಾರೆ. ಅದು ಗದ್ದಲ, ದಣಿವು ಎಂದು ದೂರಿದವರು ಸರಿಯಾಗಿಯೇ ಕಂಡಿದ್ದಾರೆ. ಆ ದಣಿವು ಬೇಕಿತ್ತು. ತಾವೇ ನಿಲ್ಲಲಾರದ ಜನರ ಕಥೆ ಇದು: ಸುಳ್ಳು ನಿಲ್ಲಿಸಲಾರದವನು, ಮದ್ದು ನಿಲ್ಲಿಸಲಾರದವಳು, ಮಗನನ್ನು ಗೆಲ್ಲಿಸುವುದನ್ನು ನಿಲ್ಲಿಸಲಾರದ ತಂದೆ. ಒಳಗಿನಿಂದ ನಿಲ್ಲುವ ಶಕ್ತಿ ಯಾರಿಗೂ ಉಳಿಯದೆ ಹೋದಾಗ ಹೊರಗಿನದೊಂದು ಬಂದು ತಡೆಯಿತು. ತಡೆದ ಮೇಲೆ ಏನು ಮಾಡಿದರೆಂಬುದು ಅವರವರಿಗೆ ಬಿಟ್ಟದ್ದು. ಜಿಮ್ ಕಾರಿನಿಂದಿಳಿದು, ಬಿದ್ದ ಕಳ್ಳನನ್ನು ಎಳೆದು ಸೂರಿನಡಿ ತಂದ. ಅಳುತ್ತ ತನ್ನಲ್ಲಿ ಪ್ರೀತಿ ತುಂಬಿದೆ, ಎಲ್ಲಿಡಬೇಕೆಂದು ತಿಳಿಯದು ಎಂದವನ ಮಾತನ್ನು ಕೇಳಿಸಿಕೊಂಡ. ಹಿಡಿದೊಯ್ಯುವ ಬದಲು ಹಣ ಮರಳಿಸಲು ನೆರವಾದ. ಇದನ್ನು ಕಪ್ಪೆ ಮಾಡಲಿಲ್ಲ. ಒಬ್ಬ ಸಾಧಾರಣ ಪೊಲೀಸ್ ಮಾಡಿದ.

ಇದನ್ನು ದೇವರ ಶಿಕ್ಷೆಯೆಂದು ಓದುವವರು ಇನ್ನೊಂದು ದಡದಲ್ಲಿದ್ದಾರೆ. ಅವರ ಬಳಿ ಸಾಕ್ಷ್ಯವೂ ಇದೆ. ಸಿನಿಮಾದ ತುಂಬ 8 ಮತ್ತು 2 ಎಂಬ ಅಂಕಿಗಳು ಅಡಗಿವೆ. ಮೊದಲ ಹವಾಮಾನ ಸೂಚನೆಯಲ್ಲೇ ಮಳೆಯ ಸಾಧ್ಯತೆ ಶೇಕಡ 82. ಕ್ವಿಜ್ ನೋಡಲು ಬಂದವರ ನಡುವೆ ಒಬ್ಬರು ಬೈಬಲ್ಲಿನ ವಿಮೋಚನಕಾಂಡ, ಎಂಟನೆಯ ಅಧ್ಯಾಯ, ಎರಡನೆಯ ವಚನ ಎಂಬ ಫಲಕ ಹಿಡಿದಿರುತ್ತಾರೆ. ನನ್ನ ಜನರನ್ನು ಬಿಡದಿದ್ದರೆ ನಿನ್ನ ನಾಡಿಗೆ ಕಪ್ಪೆಗಳ ಕಾಟ ತರುತ್ತೇನೆಂದು ಈಜಿಪ್ಟಿನ ದೊರೆಗೆ ಕೊಟ್ಟ ಎಚ್ಚರಿಕೆ ಅಲ್ಲಿದೆ. ಆದರೆ ಆ ಕಪ್ಪೆಗಳು ಆಕಾಶದಿಂದ ಬೀಳುವುದಿಲ್ಲ, ನೈಲ್ ನದಿಯಿಂದ ಹತ್ತಿ ಬಂದು ಮನೆ, ಹಾಸಿಗೆ, ಒಲೆಗಳನ್ನು ತುಂಬುತ್ತವೆ. ಆಕಾಶದ ಕಪ್ಪೆಗಳು ಬಂದದ್ದು ಬೇರೆ ಕಡೆಯಿಂದ. ಚಾರ್ಲ್ಸ್ ಫೋರ್ಟ್ (1874–1932) ಎಂಬ ಅಮೆರಿಕನ್ ಲೇಖಕ ವಿಜ್ಞಾನ ಬದಿಗೆ ಸರಿಸಿದ ಇಂಥ ವಿಚಿತ್ರ ವರದಿಗಳನ್ನು ಗುಡ್ಡೆಹಾಕಿ ಪುಸ್ತಕ ಮಾಡಿದರು. ಆಂಡರ್ಸನ್ ಕಪ್ಪೆಮಳೆಯನ್ನು ಮೊದಲು ಓದಿದ್ದು ಫೋರ್ಟ್ ಅವರಲ್ಲಿ. ಬೈಬಲ್ಲಿನ ಕಪ್ಪೆಗಳು ತಮಗೆ ತಿಳಿದದ್ದು ಬರೆದ ಮೇಲೆ ಎಂದು ಅವರೇ ಹೇಳಿದ್ದಾರೆ. ಸ್ಟಾನ್ಲಿ ಓದುವ ಮೇಜಿನ ಮೇಲೆ ಫೋರ್ಟ್ ಅವರ ಪುಸ್ತಕವೊಂದಿದೆ, ಕೊನೆಯ ಹೆಸರುಗಳಲ್ಲಿ ಅವರಿಗೆ ಕೃತಜ್ಞತೆಯೂ ಇದೆ. ಹಾಗಾಗಿ ಅಂಕಿಗಳನ್ನು ಹುಡುಕುವುದು ಎರಡನೆಯ ಸಲ ನೋಡುವವರಿಗೆ ಖುಷಿ ಕೊಡಬಹುದು, ಅಡಗಿಸಿಟ್ಟ ಅಂಕಿಯಿಂದ ಅರ್ಥ ಹುಟ್ಟುವುದಿಲ್ಲ. ಶಿಕ್ಷೆಯಾಗಿದ್ದರೆ ತಪ್ಪಿತಸ್ಥರ ಮೇಲೆ ಬೀಳಬೇಕಿತ್ತು. ಇದು ಮಳೆಯಂತೆ ಎಲ್ಲರ ಮೇಲೂ ಬಿದ್ದಿತು.

ಕನ್ನಡ ನಾಡಿನಿಂದ ನೋಡಿದರೆ ಕಪ್ಪೆ ಕಾಟದ ಪ್ರಾಣಿಯೇ ಅಲ್ಲ. ಮಳೆ ಕೈಕೊಟ್ಟ ವರ್ಷ ಹಳ್ಳಿಗಳಲ್ಲಿ ಕಪ್ಪೆಗಳಿಗೆ ಮದುವೆ ಮಾಡುತ್ತಾರೆ. ಋಗ್ವೇದದ ಏಳನೆಯ ಮಂಡಲದಲ್ಲಿ ಕಪ್ಪೆಗಳಿಗೇ ಮೀಸಲಾದ ಸೂಕ್ತವಿದೆ. ಕಪ್ಪೆ ಕೂಗಿದರೆ ನೆಲ ನೆನೆಯುತ್ತದೆ ಎಂಬುದು ನಮ್ಮ ನಂಬಿಕೆ. ಇದನ್ನು ಸಿನಿಮಾಕ್ಕೆ ಅಂಟಿಸುವ ಉದ್ದೇಶ ನನಗಿಲ್ಲ, ಸ್ಯಾನ್ ಫರ್ನಾಂಡೊ ವ್ಯಾಲಿಯ ಜನಕ್ಕೆ ಕಪ್ಪೆ ಮದುವೆ ಗೊತ್ತಿಲ್ಲ. ಆದರೆ ಬೈಬಲ್ಲಿನ ನೆನಪೊಂದೇ ಇರುವ ಕಣ್ಣಿಗೆ ಅದು ಶಿಕ್ಷೆಯಾಗಿ ಕಂಡು, ನಮ್ಮ ಕಣ್ಣಿಗೆ ಒಣಗಿದವರ ಮೇಲೆ ಬಿದ್ದ ಹನಿಯಾಗಿ ಕಾಣುವುದಾದರೆ, ಕಪ್ಪೆಗೆ ಸಿನಿಮಾ ಒಂದೇ ಅರ್ಥವನ್ನು ಮೊಳೆ ಹೊಡೆದು ಕೂರಿಸಿಲ್ಲ ಎಂದಾಗುತ್ತದೆ.

ನಿಲ್ಲಿಸುವುದೇ ಕೆಲಸವಾಗಿದ್ದರೆ ಕಪ್ಪೆಯೇ ಯಾಕೆ, ಕರೆಂಟು ಹೋದರೆ ಸಾಲದೇ ಎಂದು ಕೇಳಬಹುದು. ಇದು ಗಟ್ಟಿಯಾದ ಆಕ್ಷೇಪ. ಉತ್ತರಕ್ಕೆ ಇದೇ ಲಾಸ್ ಏಂಜಲೀಸಿನ ಇನ್ನೊಂದು ಸಿನಿಮಾ ನೋಡಬೇಕು. 1993ರಲ್ಲಿ ಬಂದ ರಾಬರ್ಟ್ ಆಲ್ಟ್‌ಮನ್ ಅವರ 'ಶಾರ್ಟ್ ಕಟ್ಸ್' ರೇಮಂಡ್ ಕಾರ್ವರ್ ಅವರ ಕಥೆಗಳನ್ನು ಹೆಣೆದ ಹಲವು ಪಾತ್ರಗಳ ಚಿತ್ರ, 'ಮ್ಯಾಗ್ನೋಲಿಯಾ'ಕ್ಕೆ ಹಿರಿಯಣ್ಣನಂಥದು. ಅದರ ಕೊನೆಗೆ ಭೂಕಂಪವಾಗುತ್ತದೆ. ಆ ಊರಿಗೆ ಭೂಕಂಪ ಸಹಜ. 1994ರ ಜನವರಿಯಲ್ಲಿ ಅದೇ ಕಣಿವೆಯಲ್ಲಿ ನಾರ್ತ್‌ರಿಜ್ ಭೂಕಂಪವೂ ಆಯಿತು. ಆಲ್ಟ್‌ಮನ್ ಅವರ ಅಂತ್ಯಕ್ಕೆ ಯಾರೂ ಅರ್ಥ ಕೇಳಲಿಲ್ಲ, ಯಾಕೆಂದರೆ ಭೂಕಂಪದ ಕಾರಣ ಶಾಲೆಯ ಮಕ್ಕಳಿಗೂ ಗೊತ್ತು. ಅಲ್ಲಿ ಒಬ್ಬ ಹುಡುಗಿಯನ್ನು ಕಲ್ಲಿನಿಂದ ಹೊಡೆಯುವ ಕ್ಷಣದಲ್ಲೇ ನೆಲ ನಡುಗುತ್ತದೆ, ಕೊನೆಗೆ ಅವಳ ಸಾವು ಭೂಕಂಪದ ಲೆಕ್ಕಕ್ಕೆ ಸೇರಿಹೋಗುತ್ತದೆ. ಕಾರಣವಿರುವ ಅವಘಡ ಎಷ್ಟು ಅನುಕೂಲದ್ದು ನೋಡಿ: ಮನುಷ್ಯನ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಕಪ್ಪೆಮಳೆಯ ಲೆಕ್ಕಕ್ಕೆ ಯಾವುದನ್ನೂ ಬರೆಯಲು ಬರುವುದಿಲ್ಲ. ಅದು ಯಾರಿಗೂ ನೆಪವಾಗುವುದಿಲ್ಲ. ಕರೆಂಟು ಹೋದರೆ ಮೇಣದಬತ್ತಿ ಹುಡುಕುತ್ತೇವೆ, ನಮ್ಮ ಗುಂಗಿನಲ್ಲೇ ಉಳಿಯುತ್ತೇವೆ. ಎಂದೂ ಕಾಣದ್ದನ್ನು ಕಂಡಾಗ ಮಾತ್ರ ಮನುಷ್ಯ ತನ್ನ ಕಥೆಯಿಂದ ಒಂದು ಕ್ಷಣ ಹೊರಗೆ ಬರುತ್ತಾನೆ. ಲೈಬ್ರರಿಯಲ್ಲಿ ಕುಳಿತ ಸ್ಟಾನ್ಲಿ ಗೋಡೆಯ ಮೇಲೆ ಬೀಳುತ್ತಿರುವ ಕಪ್ಪೆಗಳ ನೆರಳು ನೋಡಿ, ಇದೂ ನಡೆಯುವಂಥದ್ದೇ ಎಂದು ಮೆಲ್ಲಗೆ ಹೇಳುತ್ತಾನೆ. ಎಲ್ಲ ಪ್ರಶ್ನೆಗೂ ಉತ್ತರ ಬಲ್ಲ ಹುಡುಗ ಅವನು. ಆ ರಾತ್ರಿ ಮಾತ್ರ ಉತ್ತರಕ್ಕೆ ಕೈಹಾಕದೆ ಸುಮ್ಮನೆ ನೋಡುತ್ತಾನೆ.

ಸಿನಿಮಾ ನಿರ್ದೋಷಿಯೆಂದು ನಾನು ಹೇಳುತ್ತಿಲ್ಲ. ಆಂಡರ್ಸನ್ ಅವರೇ ಬಹಳ ವರ್ಷಗಳ ನಂತರ, ಇಪ್ಪತ್ತು ನಿಮಿಷ ಕತ್ತರಿಸಬೇಕಿತ್ತು ಎಂದು ಹೇಳಿಕೊಂಡರು. ಉದ್ದಕ್ಕಿಂತ ನನ್ನನ್ನು ಕಾಡುವುದು ಬೇರೆ. ಮೊದಲ ಭಾಗದಲ್ಲಿ ಜಿಮ್ ಒಂದು ಮನೆಗೆ ಹೋಗುತ್ತಾನೆ, ಬಟ್ಟೆಯ ಕಪಾಟಿನಲ್ಲಿ ಹೆಣ ಸಿಗುತ್ತದೆ. ಮಾರ್ಸಿ ಎಂಬ ಕಪ್ಪು ಹೆಂಗಸಿಗೆ ಕೋಳ ಬೀಳುತ್ತದೆ. ಡಿಕ್ಸನ್ ಎಂಬ ಕಪ್ಪು ಹುಡುಗ ಹಾಡಿನ ರೂಪದಲ್ಲಿ ಸುಳಿವು ಕೊಟ್ಟರೆ ಜಿಮ್ ಕೇಳಿಸಿಕೊಳ್ಳುವುದೇ ಇಲ್ಲ. ಇವರ ಕಥೆ ಚಿತ್ರೀಕರಣವಾಗಿ, ಸಂಕಲನದಲ್ಲಿ ಬಹುಪಾಲು ಹೊರಟುಹೋಯಿತು. ಎಲ್ಲರ ಕೋಣೆಗೂ ಹಾಡು ಹೋಯಿತು, ಮಾರ್ಸಿಯ ಕೋಣೆಗೆ ಹೋಗಲಿಲ್ಲ. ಲಿಂಡಾ ಕಾರಿನಲ್ಲಿ ಪ್ರಜ್ಞೆ ತಪ್ಪಿದಾಗ ಅವಳ ಪರ್ಸಿನ ಹಣ ತೆಗೆದುಕೊಂಡು, ಆಂಬುಲೆನ್ಸ್‌ಗೆ ಫೋನನ್ನೂ ಮಾಡಿದವನು ಅದೇ ಡಿಕ್ಸನ್. ಅವನ ಮುಂದಿನ ದಾರಿ ಸಿನಿಮಾಕ್ಕೆ ಬೇಡವಾಯಿತು. ಒಂದು ಜೀವ ಉಳಿಸಿದವನು ಅವನು. ಕಪ್ಪೆಗಳ ಬಗ್ಗೆ ಇಪ್ಪತ್ತೈದು ವರ್ಷ ವಾದಿಸಿದವರಲ್ಲಿ ಈ ಕೊರತೆಯನ್ನು ಎತ್ತಿದವರು ಕಡಿಮೆ. ಇದಕ್ಕೆ ನನ್ನ ಬಳಿ ಸಮಾಧಾನವಿಲ್ಲ.

ಕ್ಷಮೆಯ ವಿಷಯದಲ್ಲಿ ಮಾತ್ರ ಸಿನಿಮಾ ಎಲ್ಲೂ ಮೈಮರೆತಿಲ್ಲ. ಇದು ಅತ್ತು ಕರೆದು ಎಲ್ಲರನ್ನೂ ಕ್ಷಮಿಸುವ ಸಿನಿಮಾ ಎಂಬ ದೂರನ್ನು ಜಿಮ್ಮಿ ಗೇಟರ್‌ನ ಅಂತ್ಯವೇ ಸುಳ್ಳುಮಾಡುತ್ತದೆ. ಮಗಳು ನಿನ್ನನ್ನು ಯಾಕೆ ದೂರವಿಟ್ಟಳು ಎಂದು ರೋಸ್ ಕೇಳುತ್ತಾಳೆ. ಅವಳ ಮೈ ಮುಟ್ಟಿದೆಯಾ ಎಂಬ ಪ್ರಶ್ನೆಗೆ ತನಗೆ ಗೊತ್ತಿಲ್ಲ ಎನ್ನುತ್ತಾನೆ. ಗೊತ್ತಿಲ್ಲವೆಂಬ ಆ ಒಂದು ಮಾತಿಗೆ ಅವನು ಒಂಟಿಯಾಗುತ್ತಾನೆ. ಅರ್ಲ್ ಕೂಡ ಕೆಟ್ಟ ಗಂಡ, ಕೆಟ್ಟ ತಂದೆ. ಆದರೆ ಸಾಯುವ ಮುನ್ನ ತಾನು ಮಾಡಿದ್ದನ್ನು ಒಂದೂ ಬಿಡದೆ ನರ್ಸಿನ ಮುಂದೆ ಹೇಳಿಕೊಂಡ. ಆಂಡರ್ಸನ್ ಅವರ ತಂದೆ, ಟಿವಿಯ ದನಿಯಾಗಿ ಹೆಸರಾಗಿದ್ದ ಅರ್ನಿ ಆಂಡರ್ಸನ್, ಕ್ಯಾನ್ಸರ್‌ನಿಂದ ತೀರಿಕೊಂಡದ್ದು 1997ರಲ್ಲಿ, ಸಿನಿಮಾ ಬರುವ ಎರಡು ವರ್ಷ ಮುಂಚೆ. ಅರ್ಲ್ ಆಗಿ ನಟಿಸಿದ ಜೇಸನ್ ರೋಬಾರ್ಡ್ಸ್ ಅವರಿಗೆ ಇದೇ ಕೊನೆಯ ಚಲನಚಿತ್ರ. 2000ದ ಡಿಸೆಂಬರ್‌ನಲ್ಲಿ ಅವರೂ ಹೋದರು. ಆ ಹಾಸಿಗೆಯ ದೃಶ್ಯಗಳಲ್ಲಿ ನಟನೆಗೂ ಮೀರಿದ್ದೇನೋ ಇದೆ ಅನ್ನಿಸಿದವರು ತಪ್ಪು ತಿಳಿದಿಲ್ಲ. ಕಪ್ಪೆ ಬಿದ್ದ ರಾತ್ರಿಯೇ ಸ್ಟಾನ್ಲಿ ತಂದೆಯ ಮಂಚದ ಬಳಿ ಹೋಗಿ, ನೀವು ನನ್ನನ್ನು ಇನ್ನಷ್ಟು ಚೆನ್ನಾಗಿ ನೋಡಿಕೊಳ್ಳಬೇಕು ಎನ್ನುತ್ತಾನೆ. ತಂದೆ, ಹೋಗಿ ಮಲಗು ಎನ್ನುತ್ತಾನೆ. ಮಗ ಮತ್ತೊಮ್ಮೆ ಹೇಳುತ್ತಾನೆ. ತಂದೆಯದು ಅದೇ ಉತ್ತರ. ಆಕಾಶವೇ ಬಿದ್ದರೂ ಬದಲಾಗದ ತಂದೆ ಇರುತ್ತಾನೆಂದು ತೋರಿಸುವ ಸಿನಿಮಾವನ್ನು ಅಗ್ಗದ ಪವಾಡವೆಂದು ಕರೆಯಬಾರದು.

ಈ ಸಿನಿಮಾವನ್ನು ಇನ್ನೂ ನೋಡದವರು, ಒಮ್ಮೆ ನೋಡಿ 'ಅರ್ಥವಾಗಲಿಲ್ಲ' ಎಂದು ಬಿಟ್ಟವರು, ದಯವಿಟ್ಟು ಕಪ್ಪೆಗಳನ್ನು ನೋಡಬೇಡಿ. ಕಪ್ಪೆ ಬೀಳುವ ಮುಂಚಿನ ಗಳಿಗೆಯಲ್ಲಿ ಯಾರು ಏನು ಮಾಡಲು ಹೊರಟಿದ್ದರು, ಬಿದ್ದ ಮೇಲೆ ಏನು ಮಾಡಿದರು ಎಂಬುದನ್ನು ನೋಡಿ. ಕೊನೆಯ ದೃಶ್ಯದಲ್ಲಿ ಕ್ಲೌಡಿಯಾ ಹಾಸಿಗೆಯ ಮೇಲೆ ಹೊದ್ದು ಕುಳಿತಿದ್ದಾಳೆ. ಜಿಮ್ ಪಕ್ಕಕ್ಕೆ ಬಂದು ಕುಳಿತು ಮಾತಾಡುತ್ತಾನೆ, ಬೆನ್ನು ಮಾತ್ರ ನಮಗೆ. ಏಮಿ ಮಾನ್ ಅವರ ಇನ್ನೊಂದು ಹಾಡು ಅವನ ಮಾತಿನ ಮೇಲೆ ಹರಿಯುವುದರಿಂದ ಅವನು ಹೇಳುವುದು ನಮಗೆ ಸರಿಯಾಗಿ ಕೇಳಿಸುವುದಿಲ್ಲ. ಅವಳಿಗೆ ಕೇಳಿಸುತ್ತಿದೆ. ಕಣ್ಣು ತುಂಬಿಕೊಂಡು ಕೇಳುತ್ತಾಳೆ, ಕೊನೆಗೆ ನೇರ ನಮ್ಮತ್ತ ನೋಡಿ ಒಮ್ಮೆ ನಗುತ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ.